ಗುಪ್ತಮತವೂ ಗುಪ್ತದಾನವೂ

ಗುಟ್ಟೆಂಬುದು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ವೈದ್ಯನು ರೋಗಿಯ ಗುಟ್ಟನ್ನು ಕಾಯುತ್ತಾನೆ. ಕಳ್ಳನು ಕದ್ದ ಮಾಲಿನ ಗುಟ್ಟನ್ನು ಕಾಯುತ್ತಾನೆ. ಇವೆರಡರಲ್ಲಿ ಒಂದನ್ನು ಧರ್ಮವೆಂದೂ ಇನ್ನೊಂದನ್ನು ಅಧರ್ಮವೆಂದೂ ನಾವು ಎಣಿಸತಕ್ಕದ್ದು ಯಾವ ಆಧಾರದ ಮೇಲೆ? ಗುಟ್ಟು ಯಾರನ್ನು ಕಾಯುತ್ತದೆ, ಯಾರಿಂದ ಕಾಯುತ್ತದೆ ಎಂಬ ವಿಚಾರದ ಮೇಲಲ್ಲದೆ ಬೇರೆ ಆಧಾರವಿಲ್ಲ. ಪ್ರಜಾಪ್ರಭುತ್ವವನ್ನು ಒಪ್ಪಿದ ದೇಶದಲ್ಲಿ ಇಂಥವೇ ಎರಡು ಗುಟ್ಟುಗಳು ಎದುರುಬದುರಾಗಿ ನಿಂತಿವೆ. ಒಂದು, ಮತ ಹಾಕುವವನ ಗುಟ್ಟು. ಇನ್ನೊಂದು, ಪಕ್ಷಗಳಿಗೆ ಹಣ ಕೊಡುವವನ ಗುಟ್ಟು. ಮೊದಲನೆಯದನ್ನು ನಾವು ಪವಿತ್ರವೆನ್ನುತ್ತೇವೆ. ಹಾಗಿದ್ದರೆ ಎರಡನೆಯದನ್ನೇಕೆ ಹಾಗೆನ್ನಬಾರದು? 2024ನೆಯ ಇಸವಿ ಫೆಬ್ರವರಿ 15ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಚುನಾವಣಾ ಬಾಂಡುಗಳ ಯೋಜನೆಯನ್ನು ರದ್ದುಮಾಡಿದಾಗ ಅವರ ಮುಂದಿದ್ದ ಪ್ರಶ್ನೆಯ ತಿರುಳು ಇದೇ ಆಗಿದ್ದಿತು. ವಾಚಕರು ಕಾಯಿದೆಯ ಮಾತೆಂದು ಇದನ್ನು ಬದಿಗಿಡಬಾರದಾಗಿ ಪ್ರಾರ್ಥನೆ. ಇದು ನ್ಯಾಯವಾದಿಗಳ ವಿಷಯವಾಗಿರುವಷ್ಟೇ ನೀತಿಯ ವಿಷಯವೂ ಹೌದು.

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಕೆಂಚನಗುಡ್ಡವನ್ನು ನಮ್ಮ ಸೀಮೆಯವರು ಬಲ್ಲರು. ಆ ಊರಿನಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಕೂಲಿ ಹೆಂಗಸು ಮತಗಟ್ಟೆಗೆ ಬಂದಳೆಂದು ಭಾವಿಸೋಣ. ಅವಳು ಕೆಲಸ ಮಾಡುವ ಗದ್ದೆಯ ಯಜಮಾನ ಒಂದು ಪಕ್ಷದವನು; ಅವಳಿಗೆ ಸಾಲ ಕೊಟ್ಟ ಸಾಹುಕಾರ ಇನ್ನೊಂದು ಪಕ್ಷದವನು; ಮನೆಯ ಗಂಡಸರ ಇಷ್ಟವೇ ಬೇರೆ. ಈ ಮೂವರ ಕಣ್ಣುಗಳಿಂದಲೂ ಅವಳನ್ನು ಮರೆಮಾಡತಕ್ಕ ವಸ್ತು ಲೋಕದಲ್ಲಿ ಒಂದೇ: ಮತಯಂತ್ರದ ಸುತ್ತಣ ರಟ್ಟಿನ ಮರೆ. ಆ ಮರೆಯ ಹಿಂದೆ ಅವಳಿರುವುದು ಅರ್ಧ ನಿಮಿಷ. ಆ ಅರ್ಧ ನಿಮಿಷ ಮಾತ್ರ ಯಜಮಾನನೂ ಅವಳೂ ಸರಿಸಮಾನರು. 1951ರ ಪ್ರಜಾಪ್ರತಿನಿಧಿ ಕಾಯಿದೆಯು, ನೀನು ಯಾರಿಗೆ ಮತ ಕೊಟ್ಟೆಯೆಂದು ನ್ಯಾಯಸ್ಥಾನದಲ್ಲಿಯೂ ಒಬ್ಬನನ್ನು ಕೇಳಕೂಡದೆಂದು ವಿಧಿಸಿದೆ. ಆ ಗುಟ್ಟನ್ನು ಬಯಲುಮಾಡಿದ ಅಧಿಕಾರಿಗೆ ಶಿಕ್ಷೆಯೂ ಉಂಟು.

ಈ ಮರೆ ಅನಾದಿಯಿಂದ ಬಂದುದೇನೂ ಅಲ್ಲ. ಇಂಗ್ಲೆಂಡಿನಲ್ಲಿ 1872ರವರೆಗೂ ಮತದಾರನು ಎಲ್ಲರೆದುರು ನಿಂತು ತನ್ನ ಆಯ್ಕೆಯನ್ನು ಹೇಳಬೇಕಾಗಿದ್ದಿತು. ಒಕ್ಕಲಿನವನು ಭೂಮಾಲಿಕನ ಮುಖ ನೋಡಿ ಮತ ಹೇಳುವುದು ವಾಡಿಕೆ. ಅದಕ್ಕೆ ಮೊದಲೇ 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು ಗುಪ್ತಮತದ ಕಾಯಿದೆಯನ್ನು ಮಾಡಿದ್ದವು. ಸ್ವಾತಂತ್ರ್ಯವನ್ನು ಕುರಿತು ಪ್ರಖ್ಯಾತವಾಗಿ ಬರೆದ ಜಾನ್ ಸ್ಟೂಅರ್ಟ್ ಮಿಲ್ ಎಂಬ ತತ್ತ್ವಜ್ಞನು ಈ ಗುಟ್ಟಿಗೆ ವಿರೋಧಿಯಾಗಿದ್ದನೆಂಬುದು ಕೆಲವರಿಗೆ ಆಶ್ಚರ್ಯವಾದೀತು. ಮತವು ನಮ್ಮ ಸ್ವಂತ ಸ್ವತ್ತಲ್ಲ, ಇತರರ ಹಿತಕ್ಕಾಗಿ ನಮ್ಮ ಕೈಯಲ್ಲಿಟ್ಟ ನ್ಯಾಸ. ಇತರರ ಪರವಾಗಿ ಮಾಡುವ ಕೆಲಸವನ್ನು ಇತರರು ನೋಡುವಂತೆಯೇ ಮಾಡಬೇಕು ಎಂದು 1861ರ ತನ್ನ ಗ್ರಂಥದಲ್ಲಿ ಅವನು ವಾದಿಸಿದನು. ಲೋಕವು ಅವನ ಮಾತನ್ನು ಕೇಳಲಿಲ್ಲ. ನಮ್ಮ ಕೂಲಿ ಹೆಂಗಸಿನ ವಿಷಯದಲ್ಲಿ ಕೇಳದಿದ್ದುದೇ ಒಳ್ಳೆಯದಾಯಿತು. ಆದರೆ ಅವನ ನ್ಯಾಯವು ಸುಳ್ಳಲ್ಲ. ಅದನ್ನು ಅನ್ವಯಿಸಬೇಕಾದ ಸ್ಥಳ ಬೇರೆ. 2003ರಲ್ಲಿ ನಮ್ಮ ಪಾರ್ಲಿಮೆಂಟು ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಪ್ರತಿನಿಧಿಗೆ ತೋರಿಸಿ ಹಾಕಬೇಕೆಂದು ವಿಧಿಸಿತು. 2006ರಲ್ಲಿ ಕುಲದೀಪ್ ನಯ್ಯರ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಂದರೆ ಕೂಲಿಯವಳಿಗೆ ಸಲ್ಲುವ ಮರೆ ಶಾಸಕನಿಗೆ ಸಲ್ಲದೆಂದು ಕಾಯಿದೆಯೇ ಒಪ್ಪಿದಂತಾಯಿತು. ಒಬ್ಬರದು ದುರ್ಬಲರ ಗುಟ್ಟು. ಇನ್ನೊಬ್ಬರದು ನ್ಯಾಸಧಾರಿಯ ಗುಟ್ಟು.

ಇನ್ನು ಬಾಂಡುಗಳ ವಿಷಯ. 2017ರ ಆಯವ್ಯಯದ ಭಾಷಣದಲ್ಲಿ ಸೂಚಿತವಾಗಿ 2018ರ ಜನವರಿ 2ರಂದು ಪ್ರಕಟವಾದ ಈ ಯೋಜನೆಯ ಪ್ರಕಾರ, ಪಕ್ಷಕ್ಕೆ ಹಣ ಕೊಡಬಯಸುವವನು ಭಾರತೀಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೆ ಹೋಗಿ, 1,000 ರೂಪಾಯಿಯಿಂದ ಹಿಡಿದು 1 ಕೋಟಿ ರೂಪಾಯಿಯವರೆಗಿನ ಐದು ಬಗೆಯ ಬಾಂಡುಗಳಲ್ಲಿ ತನಗೆ ಬೇಕಾದುದನ್ನು ಕೊಂಡು, ತನಗೆ ಬೇಕಾದ ಪಕ್ಷಕ್ಕೆ ಕೊಡಬಹುದಾಗಿತ್ತು. ಪಕ್ಷವು 15 ದಿನಗಳೊಳಗೆ ಅದನ್ನು ನಗದು ಮಾಡಿಕೊಳ್ಳಬೇಕು. ಬಾಂಡಿನ ಮೇಲೆ ಕೊಂಡವನ ಹೆಸರಿಲ್ಲ. ಪಕ್ಷವು ಕೊಟ್ಟವನ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಬೇಕಾದ ಅವಶ್ಯವಿಲ್ಲ. ಇದರ ಜೊತೆಗೆ ಇನ್ನೊಂದು ಬಾಗಿಲನ್ನೂ ತೆರೆಯಲಾಯಿತು. ಅದುವರೆಗೆ ಒಂದು ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 7.5 ಪಾಲನ್ನು ಮೀರಿ ಪಕ್ಷಗಳಿಗೆ ಕೊಡುವಂತಿರಲಿಲ್ಲ. ಆ ಮಿತಿಯನ್ನು 2017ರಲ್ಲಿ ತೆಗೆದುಹಾಕಿದರು. ಲಾಭವೇ ಇಲ್ಲದ, ನಷ್ಟದಲ್ಲಿರುವ ಕಂಪೆನಿಯೂ ಪಕ್ಷಕ್ಕೆ ದಾನ ಮಾಡಬಹುದಾಯಿತು. ನಷ್ಟದಲ್ಲಿರುವವನ ಈ ಔದಾರ್ಯವನ್ನು ಕಂಡು ಕರ್ಣನೂ ನಾಚಬೇಕು! ರಿಸರ್ವ್ ಬ್ಯಾಂಕೂ ಚುನಾವಣಾ ಆಯೋಗವೂ 2017ರಲ್ಲಿಯೇ ತಮ್ಮ ಆಕ್ಷೇಪವನ್ನು ಬರೆದು ತಿಳಿಸಿದ್ದವು.

ಯೋಜನೆಯ ಪರವಾಗಿ ಹೇಳಿದ ವಾದವನ್ನು ಹಗುರವಾಗಿ ತಳ್ಳಿಬಿಡುವುದು ನ್ಯಾಯವಲ್ಲ. ಹಿಂದೆ ಪಕ್ಷಗಳಿಗೆ ಬರುತ್ತಿದ್ದುದು ಬಹುಮಟ್ಟಿಗೆ ಕಪ್ಪು ಹಣ, ಚೀಲದಲ್ಲಿ ಬರುತ್ತಿದ್ದ ಹಣ. ಬ್ಯಾಂಕಿನ ಮೂಲಕ ಬಂದರೆ ಅದು ಬಿಳಿಯ ಹಣವಾದರೂ ಆದೀತು. ದಾನಿಯ ಹೆಸರು ಹೊರಬಿದ್ದರೆ ಸೋತ ಪಕ್ಷದವರಿಗೆ ಕೊಟ್ಟುದಕ್ಕಾಗಿ ಗೆದ್ದ ಪಕ್ಷದವರು ಅವನನ್ನು ಪೀಡಿಸಬಹುದು. ಆದ್ದರಿಂದ ಅವನು ಮತ್ತೆ ಚೀಲಕ್ಕೇ ಮರಳುತ್ತಾನೆ. ಇದರ ಬೆನ್ನಿಗೆ ನಿಂತದ್ದು ಖಾಸಗಿತನದ ಹಕ್ಕು. ಆ ಹಕ್ಕನ್ನು ರಾಜ್ಯಾಂಗದ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಸಾರಿದುದು ನಮ್ಮ ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಸರ್ಕಾರವು ತನ್ನ ಮುಷ್ಟಿಯಲ್ಲಿ ಪ್ರಜೆಯ ಗುರುತುಗಳನ್ನೆಲ್ಲ ಕೂಡಿಸಿಟ್ಟುಕೊಳ್ಳುವುದಕ್ಕೆ ಎದುರಾಗಿ ಆ ವೃದ್ಧರು ಹಚ್ಚಿದ ದೀಪವನ್ನು ಕೋಟ್ಯಧೀಶರ ಕೊಡುಗೆಯ ಮೇಲಣ ಮುಸುಕಾಗಿ ಬಳಸಿಕೊಳ್ಳಲು ಯತ್ನಿಸಿದುದು ವಿಧಿಯ ವಿನೋದವೆನ್ನಬೇಕು.

ನ್ಯಾಯಾಲಯವು ಈ ವಾದಕ್ಕೆ ಕೊಟ್ಟ ಉತ್ತರದಲ್ಲಿ ವಿವೇಕವಿದೆ. ಒಬ್ಬನ ರಾಜಕೀಯ ಒಲವು ಅವನ ಖಾಸಗಿ ವಿಷಯವೆಂಬುದನ್ನು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ತೀರ್ಪಿನಲ್ಲಿ ಒಪ್ಪಿಕೊಂಡರು. ಆದರೆ ಒಲವಿನಿಂದ ಕೊಡುವುದಕ್ಕೂ ಪ್ರತಿಫಲವನ್ನು ನೋಡಿ ಕೊಡುವುದಕ್ಕೂ ಭೇದವುಂಟು. ಹೆಚ್ಚು ಹಣ ಕೊಟ್ಟವನಿಗೆ ಆಳುವವರ ಬಾಗಿಲು ಬೇಗ ತೆರೆಯುತ್ತದೆ. ಬಾಗಿಲು ತೆರೆದರೆ ಕಾಯಿದೆಗಳ ಮೇಲೆ ಅವನ ಪ್ರಭಾವವೂ ಬೀಳುತ್ತದೆ. ಹೀಗಿರಲು ಯಾರ ಹಣದಿಂದ ಯಾವ ಪಕ್ಷ ನಡೆಯುತ್ತಿದೆಯೆಂದು ತಿಳಿಯದೆ ಮತದಾರನು ವಿವೇಚಿಸಿ ಮತ ಹಾಕಲಾರನು. ತಿಳಿಯುವ ಈ ಹಕ್ಕು ರಾಜ್ಯಾಂಗದ 19ನೆಯ ವಿಧಿಯಲ್ಲಿ ಹೇಳಿರುವ ವಾಕ್ಸ್ವಾತಂತ್ರ್ಯದ ಒಂದು ಅಂಗ. ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರು ಬೇರೆಯಾಗಿ ಬರೆದರೂ ಅದೇ ತೀರ್ಮಾನಕ್ಕೆ ಬಂದರು. ಬಾಂಡುಗಳ ಬೆಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕುದು 1 ಕೋಟಿಯ ಬಾಂಡುಗಳಿಂದಲೇ ಬಂದಿತ್ತು. ಇದು ಕೂಲಿಯವಳ ಖಾಸಗಿತನವಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೇ?

ಈ ಗುಟ್ಟು ಯಾರಿಂದ ಯಾರನ್ನು ಕಾಯುತ್ತಿದ್ದಿತೆಂಬುದನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಕೊಟ್ಟವನು ಬಲ್ಲನು. ತೆಗೆದುಕೊಂಡ ಪಕ್ಷಕ್ಕೆ ಕೊಟ್ಟವನೇ ಕಿವಿಯಲ್ಲಿ ಹೇಳಿದರೆ ತಡೆಯುವವರಿಲ್ಲ. ಬ್ಯಾಂಕು ಬಲ್ಲುದು. ಬಾಂಡಿನ ಮೇಲೆ ಬರಿಗಣ್ಣಿಗೆ ಕಾಣದೆ ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಅಕ್ಷರಾಂಕಗಳಿದ್ದವು. ಅಪರಾಧದ ಮೊಕದ್ದಮೆ ದಾಖಲಾದರೆ ತನಿಖೆಯ ಅಧಿಕಾರಿಗಳೂ ಬ್ಯಾಂಕಿನಿಂದ ವಿವರ ಪಡೆಯಬಹುದಾಗಿತ್ತು. ಆ ಅಧಿಕಾರಿಗಳು ಆಳುವವರ ಕೈಕೆಳಗಿನವರು. ಅಂದಮೇಲೆ ಪೀಡಿಸಬಲ್ಲವರಿಂದ ದಾನಿಗೆ ರಕ್ಷೆಯಿರಲಿಲ್ಲ. ತಿಳಿಯದೆ ಉಳಿದವರು ಕೆಂಚನಗುಡ್ಡದವರಂಥ ಮತದಾರರು ಮಾತ್ರ. ನಾಲ್ವರಲ್ಲಿ ಮೂವರಿಗೆ ತಿಳಿದು ನಾಲ್ಕನೆಯವನಿಗೆ ಮಾತ್ರ ತಿಳಿಯದ್ದನ್ನು ಗುಟ್ಟೆನ್ನುವುದಕ್ಕಿಂತ ಒಳಸಂಚೆನ್ನುವುದು ಮೇಲು.

ಕೆಲವರು ಇಲ್ಲಿ ನಮ್ಮ ಹಿರಿಯರನ್ನು ಸಾಕ್ಷಿಗೆ ಕರೆಯುತ್ತಾರೆ. ಗುಪ್ತದಾನವು ಶ್ರೇಷ್ಠ ದಾನವೆಂದು ಶಾಸ್ತ್ರಗಳೇ ಹೇಳುತ್ತವೆಯಲ್ಲ ಎಂಬುದು ಅವರ ಪ್ರಶ್ನೆ. ನಿಜ. ಆದರೆ ಗುಪ್ತದಾನದ ಹಿರಿಮೆಯಿರುವುದು ತೆಗೆದುಕೊಳ್ಳುವವನಿಗೂ ಕೊಟ್ಟವನಾರೆಂದು ತಿಳಿಯಬಾರದೆಂಬುದರಲ್ಲಿ. ದೇವರ ಹುಂಡಿಯಲ್ಲಿ ಹಾಕಿದ ಕಾಸಿಗೆ ಅರ್ಚಕನು ಹೆಚ್ಚಿನ ಪ್ರಸಾದವನ್ನು ಕೊಡಲಾರನು, ಯಾರ ಕಾಸೆಂದು ಅವನಿಗೆ ತಿಳಿಯದು. ತೆಗೆದುಕೊಳ್ಳುವವನಿಗೆ ತಿಳಿದು ಊರಿಗೆ ಮಾತ್ರ ತಿಳಿಯದ ದಾನಕ್ಕೆ ನಮ್ಮ ಹಿರಿಯರು ಬೇರೆಯೇ ಹೆಸರಿಟ್ಟಿದ್ದರು. ಊರಿಗೆ ಸಂಬಂಧಿಸಿದ ದಾನಗಳನ್ನಂತೂ ಅವರು ಎಂದೂ ಗುಟ್ಟಾಗಿಡಲಿಲ್ಲ. ಕುರುಗೋಡಿನ ಸಿಂದರ ಕಾಲದ ಶಾಸನಗಳು ಇದೇ ನಮ್ಮ ನೆರೆಯಲ್ಲಿವೆ. ದಾನಶಾಸನಗಳ ಪದ್ಧತಿಯೇ ಹಾಗೆ: ಕೊಟ್ಟವರಾರು, ಪಡೆದವರಾರು, ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಯಾರ ಸಮಕ್ಷಮದಲ್ಲಿ ಕೊಟ್ಟರು ಎಂಬುದನ್ನೆಲ್ಲ ಕಲ್ಲಿನಲ್ಲಿ ಕಡೆಸಿ ಊರ ನಡುವೆ ನಿಲ್ಲಿಸುತ್ತಿದ್ದರು, ತಪ್ಪಿದವನಿಗೆ ಶಾಪವನ್ನೂ ಕೆಳಗೆ ಬರೆಸುತ್ತಿದ್ದರು. ಇಂದಿನ ದಾನಿಗಳೂ ಹೆಸರಿಗೆ ನಾಚುವವರಲ್ಲ. ಗುಡಿಯ ದೀಪದ ಮೇಲೆ ತಮ್ಮ ಹೆಸರನ್ನು ಎಷ್ಟು ದಪ್ಪಕ್ಷರದಲ್ಲಿ ಬರೆಸುತ್ತಾರೆಂದರೆ ಬೆಳಕು ಅಕ್ಷರದ ಸಂದಿಯಲ್ಲಿ ಇಣುಕಿ ಬರಬೇಕು. ದೀಪಕ್ಕೆ ಹೆಸರು ಬರೆಸಿದವನು ಕೋಟಿ ರೂಪಾಯಿ ಕೊಟ್ಟಾಗ ಮಾತ್ರ ಹೆಸರನ್ನು ಒರಸಬಯಸಿದರೆ ಅದು ವಿನಯದಿಂದಲ್ಲವೆಂದು ಊಹಿಸಲು ಹೆಚ್ಚಿನ ಬುದ್ಧಿ ಬೇಡ.

ಇದಕ್ಕಿಂತ ಆಳವಾದ ತೊಡಕು ಬೇರೊಂದಿದೆ. ಲಂಚವೆಂದರೆ ಎಲ್ಲರೂ ಹೇಸುತ್ತಾರೆ. ಅದನ್ನು ಹಿಡಿಯಲು ಕಾಯಿದೆಯೂ ಇದೆ. ಆದರೆ ಯಾವ ಒಪ್ಪಂದವೂ ಇಲ್ಲದೆ, ಯಾವ ಮಾತೂ ಆಡದೆ, ಕೇವಲ ಕೃತಜ್ಞತೆಯನ್ನು ಹುಟ್ಟಿಸುವ ಕೊಡುಗೆಯನ್ನು ಏನೆನ್ನೋಣ? ಕೃತಜ್ಞತೆ ನಮ್ಮಲ್ಲಿ ದೊಡ್ಡ ಗುಣ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕೂಸಿಗೆ ಕಲಿಸುತ್ತೇವೆ. ಉಂಡ ಮನೆಯ ಜಂತಿ ಎಣಿಸಬಾರದೆಂದು ಗಾದೆಯೇ ಇದೆ. ಶಾಸಕನ ಕೆಲಸವಾದರೋ ಜಂತಿ ಎಣಿಸುವುದೇ! ಯಾರಿಗೆ ಯಾವ ಗುತ್ತಿಗೆ ಸಿಕ್ಕಿತು, ಎಷ್ಟು ಗೌರವಧನ ಬಂದಿತು, ಯಾವ ಎಲ್ಲೆ ಮೀರಿತು ಎಂದು ಕೇಳುವುದಕ್ಕಾಗಿಯೇ ನಾವು ಅವನನ್ನು ಕಳಿಸುತ್ತೇವೆ. ಉಂಡು ಬಂದವನು ಒಳ್ಳೆಯವನಾದಷ್ಟೂ ಕೇಳಲು ಹಿಂಜರಿಯುತ್ತಾನೆ. ಖಾಸಗಿ ಜೀವನದ ಸದ್ಗುಣವೇ ಸಾರ್ವಜನಿಕ ಸ್ಥಾನದಲ್ಲಿ ದೋಷವಾಗುವ ಅಪರೂಪದ ಪ್ರಸಂಗ ಇದು. ಕೆಟ್ಟವರ ಲಂಚಕ್ಕಿಂತ ಒಳ್ಳೆಯವರ ಋಣಕ್ಕೆ ನಾನು ಹೆಚ್ಚು ಅಂಜುತ್ತೇನೆ.

ಬಳ್ಳಾರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರನ್ನು ತೆಗೆಯಲು ಸರ್ಕಾರದ ಗುತ್ತಿಗೆ ಬೇಕು. ಅರಣ್ಯದ ಅಪ್ಪಣೆ ಬೇಕು. ಸಾಗಿಸಲು ರಹದಾರಿ ಬೇಕು. ಇಷ್ಟು ಅಪ್ಪಣೆಗಳ ಮೇಲೆ ನಿಂತ ವ್ಯಾಪಾರವು ಅಪ್ಪಣೆ ಕೊಡುವವರ ಕಡೆಗೆ ಉದಾಸೀನವಾಗಿರಲಾರದು. 2011ರ ಜುಲೈ ತಿಂಗಳ ಕೊನೆಯಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಅದೇ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ವರ್ಷಗಳಲ್ಲಿ ಕೆಂಪು ಧೂಳು ಹೊಲದ ಪೈರಿನ ಮೇಲೆ ಕೂತುದನ್ನು ಕಂಡವರು, ಗುಡ್ಡ ಕರಗುತ್ತಿದ್ದಾಗ ಶಾಸನಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಅಷ್ಟು ತಡವಾದುದೇಕೆಂದು ತಾವೇ ಯೋಚಿಸಿಕೊಳ್ಳಲಿ.

ಅಮೆರಿಕಾ ದೇಶದ ಶ್ರೇಷ್ಠ ನ್ಯಾಯಸ್ಥಾನವು ಇದೇ ವಿಷಯದಲ್ಲಿ ಬೇರೊಂದು ದಾರಿಯನ್ನು ಹಿಡಿದಿದೆ. 1976ರ ಬಕ್ಲಿ ಮೊಕದ್ದಮೆಯಲ್ಲಿ, ಚುನಾವಣೆಯಲ್ಲಿ ಖರ್ಚುಮಾಡುವುದು ಮಾತಾಡುವುದರ ಒಂದು ರೂಪವೆಂದೂ, ಖರ್ಚಿಗೆ ಮಿತಿ ಹಾಕಿದರೆ ಮಾತಿಗೇ ಮಿತಿ ಹಾಕಿದಂತೆಂದೂ ಅದು ತೀರ್ಮಾನಿಸಿತು. ಒಂದು ತೊಟ್ಟಿ ಪೆಟ್ರೋಲನ್ನು ಮಾತ್ರ ಕೊಟ್ಟು ಎಷ್ಟು ದೂರ ಬೇಕಾದರೂ ಹೋಗು ಎಂದಂತಾಗುವುದೆಂಬುದು ಅಲ್ಲಿಯ ಉಪಮೆ. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಐವರು ನ್ಯಾಯಾಧೀಶರು ನಾಲ್ವರ ವಿರೋಧದ ನಡುವೆ, ಕಂಪೆನಿಗಳೂ ತಮ್ಮ ಬೊಕ್ಕಸದಿಂದ ಸ್ವತಂತ್ರವಾಗಿ ಚುನಾವಣಾ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚುಮಾಡಬಹುದೆಂದರು.

ಪೆಟ್ರೋಲಿನ ಉಪಮೆ ಬಯಲು ರಸ್ತೆಯಲ್ಲಿ ಒಬ್ಬನೇ ಹೋಗುವವನಿಗೆ ಸರಿ. ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಉಪಮೆ ತುಂಗಭದ್ರೆಯ ಕಾಲುವೆ. ಕಾಲುವೆಯ ತಲೆಯ ಹತ್ತಿರ ಗದ್ದೆಯಿರುವವನು ತೂಬನ್ನು ಪೂರ್ತಿ ತೆರೆದುಕೊಂಡು, ನೀರಿಗೆ ಮಿತಿ ಹಾಕಿದರೆ ನನ್ನ ಬೇಸಾಯದ ಸ್ವಾತಂತ್ರ್ಯಕ್ಕೆ ಮಿತಿ ಹಾಕಿದಂತೆ ಎಂದರೆ, ಕೊನೆಯಂಚಿನ ರೈತನು ಏನೆಂದು ಉತ್ತರ ಕೊಟ್ಟಾನು? ಅವನ ಬೇಸಾಯವನ್ನು ಯಾರೂ ನಿಷೇಧಿಸಿಲ್ಲ. ನೀರು ಮಾತ್ರ ಬಂದಿಲ್ಲ. ಜನರ ಗಮನವೆಂಬುದೂ ಕಾಲುವೆಯ ನೀರಿನಂತೆ ಅಳತೆಯುಳ್ಳದ್ದು. ಚುನಾವಣೆಯ ಆ ಮೂರು ವಾರಗಳಲ್ಲಿ ಗೋಡೆಯೂ ಪತ್ರಿಕೆಯೂ ಕೈಯಲ್ಲಿನ ಫೋನೂ ಒಬ್ಬನ ಮಾತಿನಿಂದಲೇ ತುಂಬಿಹೋದರೆ, ಇನ್ನೊಬ್ಬನ ಬಾಯನ್ನು ಕಟ್ಟದೆಯೇ ಅವನ ಮಾತು ಬತ್ತಿಹೋಗುತ್ತದೆ. ಸರದಿಯನ್ನು ಕಾಯುವ ನೀರುಗಂಟಿಯನ್ನು ಬೇಸಾಯದ ಶತ್ರುವೆಂದು ಯಾವ ರೈತನೂ ಕರೆಯುವುದಿಲ್ಲ. ಅಮೆರಿಕಾದವರು ವಾಕ್ಸ್ವಾತಂತ್ರ್ಯವನ್ನು ಆಡುವವನ ಬಾಯಿಯ ಕಡೆಯಿಂದ ನೋಡಿದರು; ನಮ್ಮ ನ್ಯಾಯಾಲಯವು ಕೇಳುವವನ ಕಿವಿಯ ಕಡೆಯಿಂದ ನೋಡಿತು. ಆದರೂ ಆ ಐವರನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಬಾರದು. ಅದೇ 2010ರ ತೀರ್ಪಿನಲ್ಲಿ, ಖರ್ಚುಮಾಡಿದವನ ಹೆಸರು ಬಹಿರಂಗವಾಗಬೇಕೆಂಬ ವಿಧಿಯನ್ನು ಒಂಬತ್ತರಲ್ಲಿ ಎಂಟು ಮಂದಿ ಎತ್ತಿಹಿಡಿದರು. ಹಣವೇ ಮಾತು ಎಂದವರು ಕೂಡ, ಮಾತಾಡುವವನು ಮುಖ ತೋರಿಸಬೇಕೆಂದರು. ಬಾಂಡುಗಳ ಯೋಜನೆ ಅವರ ಕಣ್ಣಿಗೂ ಒಪ್ಪತಕ್ಕದ್ದಾಗಿರಲಿಲ್ಲ.

ನಮ್ಮ ನ್ಯಾಯಸ್ಥಾನಗಳು ಈ ಅಪಾಯವನ್ನು ಮೊದಲೇ ಕಂಡಿದ್ದವು. 1957ರಲ್ಲಿ ಟಾಟಾ ಉಕ್ಕಿನ ಕಂಪೆನಿಯು ಪಕ್ಷಗಳಿಗೆ ಹಣ ಕೊಡಲು ಅನುವಾಗುವಂತೆ ತನ್ನ ನಿಬಂಧನೆಯನ್ನು ತಿದ್ದಿಕೊಂಡಾಗ, ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಕಾಯಿದೆಯ ಪ್ರಕಾರ ಅದಕ್ಕೆ ಒಪ್ಪಿಗೆಯಿತ್ತರೂ, ಎಳೆಯ ಪ್ರಜಾಪ್ರಭುತ್ವಕ್ಕೆ ಇದು ಕೇಡೆಂದು ಎಚ್ಚರಿಸಿದರು. 1969ರಲ್ಲಿ ಕಂಪೆನಿಗಳ ದಾನವನ್ನೇ ನಿಷೇಧಿಸಿದರು. 1985ರಲ್ಲಿ ಮತ್ತೆ ಬಿಟ್ಟರು. 1974ರಲ್ಲಿ ಕನ್ವರ್‌ಲಾಲ್ ಗುಪ್ತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕೆಂದಿತು. ತಿಂಗಳು ಕಳೆಯುವುದರೊಳಗೆ ಸುಗ್ರೀವಾಜ್ಞೆಯ ಮೂಲಕ ಆ ತೀರ್ಪನ್ನು ನಿಷ್ಫಲಗೊಳಿಸಿದರು. ಪಕ್ಷಪಕ್ಷಗಳ ನಡುವೆ ಎಷ್ಟೇ ಜಗಳವಿದ್ದರೂ ಈ ಒಂದು ವಿಷಯದಲ್ಲಿ ಒಮ್ಮತ ಬೇಗ ಕೂಡಿಬರುತ್ತದೆ.

2024ರ ತೀರ್ಪಿನ ತರುವಾಯ ಬ್ಯಾಂಕು ಜೂನ್ 30ರವರೆಗೆ ಅವಧಿ ಬೇಡಿತು. ನ್ಯಾಯಾಲಯ ಮಾರ್ಚ್ 11ರಂದು ಅದನ್ನು ನಿರಾಕರಿಸಿತು. ಮರುದಿನವೇ ಪಟ್ಟಿ ಸಿದ್ಧವಾಗಿತ್ತು. ತಿಂಗಳುಗಳು ಬೇಕೆಂದ ಕೆಲಸ ಒಂದು ರಾತ್ರಿಯಲ್ಲಿ ಮುಗಿದ ಬಗೆಯನ್ನು ಕಂಡು ಜನ ನಕ್ಕರು. ಒಟ್ಟು ಮಾರಾಟವಾದ ಬಾಂಡುಗಳು ಸುಮಾರು 16,500 ಕೋಟಿ ರೂಪಾಯಿಯವು. ಸ್ವಂತ ಇಚ್ಛೆಯಿಂದ ದಾನಿಗಳ ಹೆಸರನ್ನು ಆಯೋಗಕ್ಕೆ ತಿಳಿಸಿದ್ದ ಕೆಲವೇ ಪಕ್ಷಗಳಲ್ಲಿ ನಮ್ಮ ನಾಡಿನ ಜಾತ್ಯತೀತ ಜನತಾದಳವೂ ಒಂದೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಕೊಡುಗೆಗೂ ಗುತ್ತಿಗೆಗೂ ನಂಟಿದ್ದಿತೇ ಎಂದು ವಿಶೇಷ ತನಿಖೆ ನಡೆಸಬೇಕೆಂದು ಕೇಳಿದ ಅರ್ಜಿಗಳನ್ನು ಅದೇ ಆಗಸ್ಟ್ 2ರಂದು ನ್ಯಾಯಾಲಯ ತಳ್ಳಿಹಾಕಿತು.

ತೀರ್ಪು ಮುಟ್ಟದೆ ಬಿಟ್ಟ ಸ್ಥಳಗಳು ಹಲವಿವೆ. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚುಮಾಡಬಾರದೆಂದು 2022ರಲ್ಲಿ ಗೊತ್ತುಪಡಿಸಿದರು. ಪಕ್ಷದ ಖರ್ಚಿಗಾದರೋ ಮಿತಿಯೇ ಇಲ್ಲ. 20,000 ರೂಪಾಯಿಯನ್ನು ಮೀರದ ಕೊಡುಗೆಗೆ ಹೆಸರು ಹೇಳಬೇಕಾಗಿಲ್ಲ. ಇದನ್ನು ಕೆಲವರು ಆಕ್ಷೇಪಿಸುತ್ತಾರೆ, ನಾನು ಆಕ್ಷೇಪಿಸಲಾರೆ. ಊರಗೌಡನಿಗೆ ಬೇಡವಾದ ಪಕ್ಷಕ್ಕೆ ನೂರು ರೂಪಾಯಿ ಕೊಟ್ಟ ಬಡವನ ಹೆಸರನ್ನು ಚಾವಡಿಯಲ್ಲಿ ಓದಿಸುವುದು ಪಾರದರ್ಶಕತೆಯಲ್ಲ, ಕ್ರೌರ್ಯ. 1958ರಲ್ಲಿ ಅಮೆರಿಕಾದ ಅಲಬಾಮಾ ಸಂಸ್ಥಾನವು ಕರಿಯರ ಹಕ್ಕಿಗಾಗಿ ಹೋರಾಡುವ ಸಂಘದ ಸದಸ್ಯರ ಪಟ್ಟಿಯನ್ನು ಕೇಳಿದಾಗ ಅಲ್ಲಿಯ ಶ್ರೇಷ್ಠ ನ್ಯಾಯಸ್ಥಾನ ಕೊಡಬೇಕಾಗಿಲ್ಲವೆಂದುದೂ ಇದೇ ನ್ಯಾಯದಿಂದ. ಆ ಪಟ್ಟಿ ಹೊರಬಿದ್ದಿದ್ದರೆ ಅದರಲ್ಲಿದ್ದವರ ಕೂಲಿ ಹೋಗುತ್ತಿತ್ತು, ಮೈಮೇಲೆ ಕೈ ಬೀಳುತ್ತಿತ್ತು. ಇದೇ ಸೌಲಭ್ಯದ ನೆರಳಿನಲ್ಲಿ ದೊಡ್ಡ ಮೊತ್ತವನ್ನು ಚೂರುಚೂರಾಗಿ ಒಡೆದು ತರುವವರಿರುವುದೂ ನಿಜ. ಅದಕ್ಕೆ ಮದ್ದು ಲೆಕ್ಕದ ತಪಾಸಣೆಯಾಗಬೇಕೇ ಹೊರತು ಬಡವನ ಮರೆಯನ್ನು ಕೀಳುವುದಲ್ಲ.

ಆ ಮರೆಯೂ ಈಗ ನಾವು ತಿಳಿದಷ್ಟು ದಪ್ಪವಾಗಿಲ್ಲ. ಹಿಂದೆ ಕಾಗದದ ಮತಪತ್ರಗಳಿದ್ದಾಗ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಕಲಸಿ ಎಣಿಸುವ ಅವಕಾಶವಿತ್ತು. ಮತಯಂತ್ರಗಳು ಬಂದಮೇಲೆ ಒಂದೊಂದು ಮತಗಟ್ಟೆಯ ಮತವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ. 20ನೆಯ ನಮೂನೆಯ ಪಟ್ಟಿಯಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಕೆಂಚನಗುಡ್ಡದವರು ಯಾವ ಪಕ್ಷಕ್ಕೆ ಎಷ್ಟು ಮತ ಕೊಟ್ಟರು, ಯಾವ ಕೇರಿಯವರು ಕೈಕೊಟ್ಟರು ಎಂಬುದು ಫಲಿತಾಂಶದ ಸಂಜೆಯೇ ಗೆದ್ದವನಿಗೂ ಸೋತವನಿಗೂ ತಿಳಿಯುತ್ತದೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಒಟ್ಟು ಮಾತ್ರ ತೋರಿಸುವ ಉಪಕರಣವನ್ನು ಬಳಸೋಣವೆಂದು ಚುನಾವಣಾ ಆಯೋಗವು 2008ರಲ್ಲಿಯೇ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಅನುಮೋದಿಸಿತು. ಅದು ಇನ್ನೂ ಬಳಕೆಗೆ ಬಂದಿಲ್ಲ. ಕೋಟಿ ಕೊಟ್ಟವನ ಹೆಸರನ್ನು ಮರೆಮಾಡಲು ಅದೃಶ್ಯಾಕ್ಷರಗಳ ಬಾಂಡನ್ನು ಒಂದು ವರ್ಷದೊಳಗೆ ಅಚ್ಚುಹಾಕಿಸಿದ ರಾಜ್ಯವು, ನಾಟಿಯ ಹೆಂಗಸಿನ ಕೇರಿಯನ್ನು ಲೆಕ್ಕದಲ್ಲಿ ಮರೆಮಾಡುವ ಒಂದು ಪೆಟ್ಟಿಗೆಗಾಗಿ ಇಷ್ಟು ವರ್ಷ ಯೋಚಿಸುತ್ತಲೇ ಇದೆ.